ಮೊದಲು ರಾಗಿ, ಆಮೇಲೆ ಅರ್ಜಿ: ಕಸ್ಟಡಿ ಸಾವಿನ ಮನೆಗಳ ಜೊತೆ ನನ್ನ ಅನುಭವ

2025ರ ಆಷಾಢದಲ್ಲಿ ಆ ತಾಯಿಯ ಖಾತೆಗೆ ಪರಿಹಾರದ ದುಡ್ಡು ಬಿತ್ತು. ಎರಡೂವರೆ ಲಕ್ಷ ಆಕೆಗೆ, ಎರಡೂವರೆ ಲಕ್ಷ ಸೊಸೆಗೆ. ವಿಚಾರಣಾಧೀನ ಕೈದಿಯಾಗಿದ್ದ ಮಗ ಜೈಲಿನಲ್ಲಿ ತೀರಿಕೊಂಡು ಮೂರು ವರ್ಷ ದಾಟಿತ್ತು. ಬ್ಯಾಂಕಿನಿಂದ ಹೊರಗೆ ಬಂದು ಹೊಂಗೆ ಮರದ ನೆರಳಲ್ಲಿ ಕೂತಾಗ ಆಕೆ ಪಾಸ್‌ಬುಕ್ ಬಿಚ್ಚಿ ನೋಡಲಿಲ್ಲ. ‘ಮಾತ್ರೆ ಕೊಡದೆ ಬಿಟ್ರು ಅಂತ ಕಾಗ್ದದಾಗೆ ಬರ್ದವ್ರಾ?’ ಎಂದು ಕೇಳಿದರು. ಬರೆದಿದ್ದಾರಮ್ಮ ಅಂದೆ. ‘ಇನ್ನೊಂದ್ ಸಲ ಓದಪ್ಪ.’ ಮಾನವ ಹಕ್ಕುಗಳ ಆಯೋಗದ ಆದೇಶದಲ್ಲಿ ಇಂಗ್ಲಿಷಿನಲ್ಲಿದ್ದ ಆ ಪ್ಯಾರಾವನ್ನು ಕನ್ನಡದಲ್ಲಿ ಮೂರು ಸಲ ಹೇಳಿದೆ. ಮೂರನೇ ಸಲ ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ನಡಿ, ಬಸ್ಸಿಗೆ ಹೊತ್ತಾಯ್ತು ಅಂದರು.

ಪೊಲೀಸರ ವಶದಲ್ಲೋ ಜೈಲಿನಲ್ಲೋ ಸತ್ತವರ ಮನೆಯವರ ಜೊತೆ ಹೀಗೆ ನಿಲ್ಲುವುದು ಆಗುವ ಕೆಲಸವಲ್ಲ ಅಂದವರು ಬಹಳ ಮಂದಿ. ‘ನೇರ ಹೈಕೋರ್ಟಿಗೆ ಹೋಗೋದು ಬಿಟ್ಟು ಮನೆಮನೆಗೆ ರಾಗಿ ಹೊತ್ತುಕೊಂಡು ತಿರುಗ್ತೀಯ’ ಅಂದರು ವಕೀಲ ಮಿತ್ರರು. ಧರಣಿ ಕೂರದೆ ನ್ಯಾಯ ಸಿಕ್ಕಿದ್ದು ಎಲ್ಲಿದೆ ಅಂದರು ಸಂಘಟನೆಯ ಗೆಳೆಯರು. ನನ್ನ ಮನೆಯಾಕೆಯೂ ಮೂರು ಸಲ ಸೋತ ಮೇಲೆ ಸಾಕು ಮಾಡಿ ಅಂದಿದ್ದಳು. ಆದ್ದರಿಂದ ಬರೆಯುತ್ತಿದ್ದೇನೆ. ಇದುವರೆಗೆ ಆರು ಮನೆಗಳ ಜೊತೆ ನಡೆದಿದ್ದೇನೆ. ಮೊದಲ ಮೂರು ಸೋಲು. ಆಮೇಲಿನ ಮೂರರಲ್ಲಿ ಒಂದಕ್ಕೆ ಪರಿಹಾರ ಬಂತು. ಇನ್ನೊಂದರಲ್ಲಿ ಸಾಕ್ಷಿ ಹೇಳಿದ ಐವರಲ್ಲಿ ಒಬ್ಬರೂ ಮಾತು ತಿರುಗಿಸಲಿಲ್ಲ, ಪೊಲೀಸರ ಮೇಲೆ ಕೇಸು ನಡೆಸಲು ಸರ್ಕಾರದ ಮುಂಚಿನ ಅನುಮತಿ ಬೇಕೆನ್ನುವ ಪೊಲೀಸ್ ಕಾಯ್ದೆಯ ಕಲಂ 170 ಅಡ್ಡ ಬಂದು ವರ್ಷ ಕಳೆದರೂ ಕೇಸು ನಿಂತಿದೆ. ಮೂರನೆಯದು ಮ್ಯಾಜಿಸ್ಟ್ರೇಟ್ ವಿಚಾರಣೆಯಲ್ಲಿದೆ. ಮೂರೂ ಮನೆಯವರು ಇವತ್ತಿಗೂ ಕೈ ಬಿಟ್ಟಿಲ್ಲ. ನಮ್ಮ ಸುತ್ತಮುತ್ತಲ ತಾಲ್ಲೂಕುಗಳಲ್ಲಿ ಇಷ್ಟು ಮಾಡಿದವರನ್ನು ನಾನು ಕಂಡಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ನಾನು ಕೋರ್ಟ್ ಎದುರು ಟೈಪಿಂಗ್ ಅಂಗಡಿ ಇಟ್ಟವನು. ಮೊದಲು ಮೆಷಿನ್ನು, ಈಗ ಕಂಪ್ಯೂಟರಿನಲ್ಲಿ ನುಡಿ. ಪ್ಯಾರಾಲೀಗಲ್ ವಾಲಂಟಿಯರ್, ಅಂದರೆ ಕಾನೂನು ನೆರವಿನ ಸ್ವಯಂಸೇವಕ, ಆ ಕಾರ್ಡೂ ಇದೆ. ಯುಡಿಆರ್ (ಅಸಹಜ ಸಾವಿನ ವರದಿ) ಅಂದರೇನು, ಶವಮಹಜರು ಹೇಗಿರುತ್ತದೆ, ಕಸ್ಟಡಿ ಸಾವಿನ ಮ್ಯಾಜಿಸ್ಟ್ರೇಟ್ ವಿಚಾರಣೆಯ ಕಲಂ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 176 ಇದ್ದದ್ದು ಈಗ ಹೊಸ ಸಂಹಿತೆಯಲ್ಲಿ 196 ಆಗಿದೆ, ಇವೆಲ್ಲ ಈ ಕೆಲಸದಲ್ಲಿರುವ ನಿಮಗೆ ಗೊತ್ತಿರುವುದೇ. ಅದನ್ನೆಲ್ಲ ಬಿಟ್ಟು ಸೋಲಿನಿಂದ ಶುರು ಮಾಡುತ್ತೇನೆ.

2013ರ ಕೊನೆ. ಠಾಣೆಗೆ ಕರೆದುಕೊಂಡು ಹೋದ ಹುಡುಗ ಮರುದಿನ ಶವಾಗಾರದಲ್ಲಿದ್ದ. ಅವನಪ್ಪ ನನ್ನ ಅಂಗಡಿಗೆ ಬಂದು, ಎಲ್ಲರಿಗೂ ಬರಿ ಅಂದ. ಬರೆದೆ. ರಾಷ್ಟ್ರಪತಿಯಿಂದ ತಹಸೀಲ್ದಾರರ ತನಕ ಇಪ್ಪತ್ತೆರಡು ಅರ್ಜಿ. ಒಂದು ಪೈಸೆ ಕೂಲಿ ತೆಗೆದುಕೊಳ್ಳಲಿಲ್ಲ, ರಿಜಿಸ್ಟರ್ ಪೋಸ್ಟಿಗೇ ಎಂಟುನೂರೋ ಒಂಬೈನೂರೋ ನನ್ನ ಕೈಯಿಂದ ಹೋಯಿತು. ಬಂದ ಅಕ್ನಾಲೆಜ್‌ಮೆಂಟ್ ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಡ್ರಾಯರಿನಲ್ಲಿಟ್ಟೆ. ಅದನ್ನೇ ಕೆಲಸ ಅಂದುಕೊಂಡಿದ್ದೆ. ಮೂರು ವರ್ಷ ಆದ ಮೇಲೆ ಒಬ್ಬ ಹಿರಿಯರು ಹೇಳಿಕೊಟ್ಟರು: ಕಸ್ಟಡಿಯಲ್ಲಿ ಯಾರೇ ಸತ್ತರೂ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಜಿಲ್ಲೆಯಿಂದಲೇ ಮಾಹಿತಿ ಹೋಗಬೇಕು. 1993ರ ಡಿಸೆಂಬರಿನಿಂದ ಇರುವ ನಿಯಮ ಅದು. ಅಂದರೆ ನಾವು ಬರೆಯುವ ಮೊದಲೇ ಅಲ್ಲಿ ಒಂದು ಫೈಲು ಹುಟ್ಟಿರುತ್ತದೆ. ಹುಡುಕಿದೆ. ಇತ್ತು. ನಂಬರಿನ ಕೊನೆಗೆ ಪಿಸಿಡಿ, ಅಂದರೆ ಪೊಲೀಸ್ ಕಸ್ಟಡಿ ಸಾವು ಅಂತಿತ್ತು. ಮುಚ್ಚಿ ಏಳೆಂಟು ತಿಂಗಳಾಗಿತ್ತು. ಆ ಫೈಲಿಗೆ ಮನೆಯವರ ಒಂದು ಚೂರು ಕಾಗದ ಸೇರಿರಲಿಲ್ಲ, ಏಕೆಂದರೆ ನಾನು ಆ ನಂಬರನ್ನು ಹುಡುಕಿಯೇ ಇರಲಿಲ್ಲ. ಇಪ್ಪತ್ತೆರಡು ಬಾಗಿಲು ತಟ್ಟಿದವನು ತೆರೆದಿದ್ದ ಒಂದು ಬಾಗಿಲನ್ನೇ ನೋಡಲಿಲ್ಲ. ಆ ಅಪ್ಪನಿಗೆ ಇದನ್ನು ಹೇಳಲು ಹೋದ ದಿನ ನನ್ನ ಕಾಲು ಏಳುತ್ತಿರಲಿಲ್ಲ.

ಎರಡನೆಯದು ಇನ್ನೂ ಕೆಟ್ಟದ್ದು. ಅದರಿಂದಲೇ ಈ ಪದ್ಧತಿ ಹುಟ್ಟಿದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಸಲ ಆಯೋಗದ ನಂಬರ್ ಹಿಡಿದಿದ್ದೆ, ವಕೀಲರೂ ಸಿಕ್ಕಿದ್ದರು. ಸತ್ತವನ ತಮ್ಮನೇ ಮುಖ್ಯ ಸಾಕ್ಷಿ. ಅಣ್ಣನನ್ನು ಜೀಪಿಗೆ ಹತ್ತಿಸುವಾಗ ಜೊತೆಯಲ್ಲಿದ್ದವನು. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡುವ ದಿನ ಬಂದ, ‘ಅಣ್ಣನಿಗೆ ಮೊದಲಿಂದ ಎದೆನೋವು ಇತ್ತು’ ಅಂದ, ಹೋದ. ವಕೀಲರು ಬೈದರು, ಊರವರು ಉಗಿದರು. ನಾನೂ ಆರು ತಿಂಗಳು ಅವನ ಮುಖ ನೋಡಲಿಲ್ಲ. ಆಮೇಲೆ ಒಂದು ದಿನ ಅವನ ಅತ್ತಿಗೆ ಲೆಕ್ಕ ಬಿಚ್ಚಿಟ್ಟರು. ಹನ್ನೊಂದನೇ ದಿನದ ತಿಥಿಗೆ ನಲವತ್ತೈದು ಸಾವಿರ ಖರ್ಚಾಗಿತ್ತು. ಅನ್ಯಾಯವಾಗಿ ಸತ್ತವನು, ಊರೆಲ್ಲ ಬರುತ್ತದೆ, ಊಟ ಕಮ್ಮಿ ಮಾಡಬಾರದು ಎಂದು ದೊಡ್ಡವರು ಹೇಳಿದ್ದರು. ಆ ನಲವತ್ತೈದನ್ನು ಕೈಸಾಲ ಕೊಟ್ಟವನು ಊರಿನಲ್ಲಿ ಠಾಣೆಗೂ ಜನಕ್ಕೂ ನಡುವೆ ಓಡಾಡುವ ಮನುಷ್ಯ. ಬಡ್ಡಿ ಬೇಡ ಅಂದಿದ್ದನಂತೆ. ಹೇಳಿಕೆಯ ಹಿಂದಿನ ರಾತ್ರಿ ಬಂದು, ಅಸಲನ್ನು ನಾಳೆಯೇ ಕೊಡು ಅಂದಿದ್ದ.

ಅಂದಿನಿಂದ ನಾನು ಯಾವ ಮನೆಗೆ ಹೋದರೂ ಮೊದಲು ಕೇಳುವುದು ತಿಥಿಗೆ ದುಡ್ಡು ಯಾರು ಕೊಡುತ್ತಿದ್ದಾರೆ ಅಂತ. ಎಫ್‌ಐಆರ್ ಆಮೇಲೆ. ಸಾವಿನ ಮನೆಗೆ ಮೊದಲ ಹದಿನೈದು ದಿನ ಸಾಲ ಕೊಟ್ಟವನ ಕೈಯಲ್ಲೇ ಆ ಮನೆಯ ಬಾಯಿ ಇರುತ್ತದೆ.

ಮೂರನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶವ ಬಿಡಿಸಿಕೊಳ್ಳುವಾಗ ಚಿಕ್ಕಪ್ಪ ಎರಡು ಖಾಲಿ ಹಾಳೆಗೆ ಸಹಿ ಹಾಕಿದ್ದರು. ಅಲ್ಲಿಗೆ ಮುಗಿಯಿತು.

ಈಗಿನ ಕ್ರಮ ಹೀಗೆ. ಸುದ್ದಿ ಬಂದ ದಿನ ನಾನು ಹೋಗುವುದಿಲ್ಲ. ಮೊದಲು ಹೋಗುವುದು ಒಬ್ಬ ಹೆಂಗಸು, ಇಂಥದೇ ಸಾವು ಕಂಡ ಇನ್ನೊಂದು ಮನೆಯವರು. ಅವರನ್ನು ನಾವು ಜೋಡಿ ಅನ್ನುತ್ತೇವೆ. ಎರಡನೇ ಮನೆಯ ಆ ಅತ್ತಿಗೆಯೇ ನಮ್ಮ ಮೊದಲ ಜೋಡಿ. ಸೋತ ಮನೆಯವರನ್ನು ಯಾಕೆ ಕಳಿಸುತ್ತೀಯ, ಧೈರ್ಯ ಕೆಡುತ್ತದೆ ಎಂದು ಸಂಘಟನೆಯವರು ಆಕ್ಷೇಪಿಸಿದರು. ನಾನು ಕಂಡದ್ದು ಬೇರೆ. ಆಕೆ ಹೋಗಿ ಪಕ್ಕದಲ್ಲಿ ಕೂತು, ‘ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಬೇಡ ಕಣವ್ವ, ಸಾಲ ಮಾಡಬೇಡ’ ಅಂದರೆ ಅದಕ್ಕೆ ಇರುವ ತೂಕ ನನ್ನ ಮಾತಿಗೂ ಇಲ್ಲ, ವಕೀಲರ ಮಾತಿಗೂ ಇಲ್ಲ. ಇಂಗ್ಲೆಂಡಿನಲ್ಲಿ ಇನ್‌ಕ್ವೆಸ್ಟ್ ಅನ್ನುವ ಸಂಸ್ಥೆ 1981ರಿಂದ ಇಂಥ ಕುಟುಂಬಗಳ ಜೊತೆ ಕೆಲಸ ಮಾಡುತ್ತಿದೆ ಎಂದು ಆಮೇಲೆ ತಿಳಿಯಿತು. ನಾವು ಯಾರನ್ನೂ ನೋಡಿ ಕಲಿತದ್ದಲ್ಲ.

ಜೋಡಿ ಹೆಂಗಸೇ ಆಗಿರುವುದಕ್ಕೆ ದುಡ್ಡಿನ ಲೆಕ್ಕವೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಅದಕ್ಕೆ ಮೊದಲು ಒಂದು ಮನೆಗೆ ಬಸ್ ಚಾರ್ಜಿಗೇ ವರ್ಷಕ್ಕೆ ಆರೇಳು ಸಾವಿರ ಹೋಗುತ್ತಿತ್ತು. ಜಿಲ್ಲಾಸ್ಪತ್ರೆ, ಜಿಲ್ಲಾ ಕೋರ್ಟು, ಬೆಂಗಳೂರಿನ ಎಂ.ಎಸ್. ಬಿಲ್ಡಿಂಗಿನಲ್ಲಿರುವ ರಾಜ್ಯ ಆಯೋಗ, ಎಲ್ಲ ಕಡೆಗೂ ಇಬ್ಬಿಬ್ಬರು. ಈಗ ಊಟ ಮತ್ತು ಜೆರಾಕ್ಸು ಅಷ್ಟೆ.

ಶವಾಗಾರದ ಹತ್ತಿರ ಯಾರು ನಿಲ್ಲಬೇಕು ಅನ್ನುವುದನ್ನು ಮೊದಲ ಗಂಟೆಯಲ್ಲೇ ತೀರ್ಮಾನಿಸಬೇಕು. ವಿಚಾರಣೆಯ ವೇಳೆ ಸಾಧ್ಯವಿದ್ದಷ್ಟು ಸಂಬಂಧಿಕರಿಗೆ ತಿಳಿಸಬೇಕು, ಹಾಜರಿರಲು ಬಿಡಬೇಕು ಎಂದು 196ರಲ್ಲೇ ಇದೆ. ಆದರೆ ಅಲ್ಲಿ ಸಂಬಂಧಿಕರು ಅಂದರೆ ತಂದೆ ತಾಯಿ, ಮಕ್ಕಳು, ಅಣ್ಣ ತಮ್ಮ, ಅಕ್ಕ ತಂಗಿ, ಗಂಡ ಅಥವಾ ಹೆಂಡತಿ. ಚಿಕ್ಕಪ್ಪ ಇಲ್ಲ, ಮಾವ ಇಲ್ಲ, ಭಾವಮೈದ ಇಲ್ಲ. ನಮ್ಮ ಕಡೆ ಇಂಥ ಹೊತ್ತಿನಲ್ಲಿ ಮುಂದೆ ನುಗ್ಗುವವರು ಅವರೇ. ಒಳಗೆ ಬಿಡುವುದಿಲ್ಲ ಅಂದಾಗ ಜಗಳವಾಗುತ್ತದೆ, ಅಷ್ಟರಲ್ಲಿ ಮಹಜರು ಮುಗಿದಿರುತ್ತದೆ. ನಾವು ತಂಗಿಯನ್ನು ಕರೆದೊಯ್ಯುತ್ತೇವೆ. ತಾಯಿಯನ್ನು ಒಳಗೆ ಕಳಿಸುವುದಿಲ್ಲ. ಒಮ್ಮೆ ಕಳಿಸಿ, ಆಕೆ ಎರಡು ವರ್ಷ ನಿದ್ದೆ ಮಾಡದ್ದನ್ನು ನೋಡಿದ್ದೇನೆ.

ಮರಣೋತ್ತರ ಪರೀಕ್ಷೆಯ ವಿಡಿಯೋ ಆಗಬೇಕೆಂದು ಆಯೋಗ 1995ರಲ್ಲೇ ಹೇಳಿದೆ, 1997ರಲ್ಲಿ ಮಾದರಿ ನಮೂನೆಯನ್ನೂ ಕೊಟ್ಟಿದೆ. ಅದನ್ನು ಒಂದು ಪುಟದಲ್ಲಿ ಟೈಪ್ ಮಾಡಿ ಅಂಗಡಿಯಲ್ಲಿ ಸಿದ್ಧ ಇಟ್ಟಿದ್ದೇನೆ. ಹೆಸರು, ದಿನಾಂಕ ತುಂಬಿ ಮ್ಯಾಜಿಸ್ಟ್ರೇಟರಿಗೂ ವೈದ್ಯರಿಗೂ ಒಂದೊಂದು ಪ್ರತಿ ಕೊಟ್ಟು ಸೀಲು ಹಾಕಿಸಿಕೊಳ್ಳುವುದು. ಜಗಳ ಬೇಡ, ಕೂಗಾಟ ಬೇಡ, ಸೀಲು ಬೇಕು. ಠಾಣೆಯ ಸಾವಾದರೆ ಜೊತೆಗೆ ಇನ್ನೊಂದು ಪುಟ: ಕ್ಯಾಮೆರಾ ದೃಶ್ಯ ಅಳಿಸದೆ ಕಾಪಾಡಿ ಅಂತ. ಸುಪ್ರೀಂ ಕೋರ್ಟಿನ 2020ರ ಪರಮವೀರ್ ಸಿಂಗ್ ಸೈನಿ ತೀರ್ಪಿನಲ್ಲಿ ಹದಿನೆಂಟು ತಿಂಗಳು ಇಟ್ಟುಕೊಳ್ಳಬೇಕೆಂದಿದೆ. ಆದರೂ ಮೊದಲ ವಾರದಲ್ಲೇ ಕೊಡಬೇಕು. ಆಸ್ಪತ್ರೆ ಗೇಟಿನ ಕ್ಯಾಮೆರಾಕ್ಕೂ ಅದೇ ದಿನ ಅರ್ಜಿ, ಅದು ಇನ್ನೂ ಬೇಗ ಅಳಿಯುತ್ತದೆ. ಪಿ.ಎಂ. ರಿಪೋರ್ಟಿನ ಪ್ರತಿಯನ್ನು ಬೇಗ ಪಡೆಯುವುದಕ್ಕೆ ನನ್ನದೊಂದು ದಾರಿ ಇದೆ, ಕಾನೂನಿನೊಳಗೇ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಕಿಂಡಿಯೂ ಮುಚ್ಚುತ್ತದೆ. ಅಂಗಡಿಗೆ ಬಂದವರಿಗೆ ಹೇಳುತ್ತೇನೆ.

ಮೈ ಮೇಲಿನ ಗುರುತುಗಳ ವಿಷಯದಲ್ಲಿ ಒಂದು ಪ್ರಯೋಗ ಮಾಡಿದೆವು, ಅದು ಫಲಿಸಿತು. ನೋಡಿದವರ ನೆನಪು ವಾರಕ್ಕೆ ಬದಲಾಗುತ್ತದೆ. ಅವರಿವರ ಮಾತು ಕೇಳಿ ಎಡದ್ದು ಬಲಕ್ಕೆ ಬರುತ್ತದೆ, ಒಂದು ಗಾಯ ಮೂರಾಗುತ್ತದೆ, ಆಮೇಲೆ ಪಾಟೀ ಸವಾಲಿನಲ್ಲಿ ಎಲ್ಲ ಉದುರಿ ಹೋಗುತ್ತದೆ. ಹಾಗಾಗಿ ಅದೇ ಸಂಜೆ ಬರೆಸಿಕೊಳ್ಳಬೇಕು. ಐದನೇ ಮನೆಯಲ್ಲಿ ತಂಗಿಗೆ ಪೆನ್ನು ಹಿಡಿಯಲು ಆಗಲಿಲ್ಲ, ಮಾತೂ ಹೊರಡಲಿಲ್ಲ. ಜೋಡಿ ಅಕ್ಕ ಗೋಡೆಯ ಮೇಲಿದ್ದ ಹಳೆಯ ಕ್ಯಾಲೆಂಡರ್ ಇಳಿಸಿ, ಹಿಂದಿನ ಬಿಳಿ ಮೈಯಲ್ಲಿ ಮನುಷ್ಯನ ಆಕಾರ ಬರೆದರು. ಮುಂದಿನದು ಒಂದು, ಹಿಂದಿನದು ಒಂದು. ತಂಗಿ ತನ್ನದೇ ಭುಜ ಮುಟ್ಟಿಕೊಂಡಳು. ಅಕ್ಕ ಚಿತ್ರದಲ್ಲಿ ಅಲ್ಲಿ ಗುರುತು ಹಾಕಿದರು. ಆಮೇಲೆ ತನ್ನ ಎಡಗಾಲಿನ ಪಾದ ಎತ್ತಿ ಅಡಿಯನ್ನು ತೋರಿಸಿದಳು. ಒಳಗೆ ಅಷ್ಟೂ ಹೊತ್ತು ಮಾತಿಲ್ಲ. ನಾನು ಜಗಲಿಯ ಮೇಲೆ ಕೂತಿದ್ದೆ. ಕೊನೆಗೆ ಅಕ್ಕ ಹೊರಗೆ ತಂದುಕೊಟ್ಟ ಆ ಹಾಳೆಯಲ್ಲಿ ಒಂಬತ್ತು ಗುರುತಿದ್ದವು. ದಿನಾಂಕ ಹಾಕಿ, ಇಬ್ಬರು ಸಹಿ ಹಾಕಿ, ಮರುದಿನವೇ ಪ್ರತಿ ಸಲ್ಲಿಸಿದೆವು. ಆ ಕೇಸಿನಲ್ಲಿ ಮಾತು ತಿರುಗದೆ ನಿಂತಿರುವುದಕ್ಕೆ ಆ ಕ್ಯಾಲೆಂಡರೂ ಒಂದು ಕಾರಣ.

ಇನ್ನು ರಾಗಿ. ನಮ್ಮ ಕಡೆ ಹಿಂದೆ ಮಠಕ್ಕೆ, ಭಜನೆ ಮನೆಗೆ ಹಿಡಿ ಅಕ್ಕಿ ಎತ್ತುತ್ತಿದ್ದರು. ಅದನ್ನೇ ಮಾಡಿದೆವು. ಸಾವಿನ ಮನೆಯ ಬೀದಿಯಲ್ಲಿ ಜೋಡಿ ಅಕ್ಕ ಚೀಲ ಹಿಡಿದು ಹೋಗುತ್ತಾರೆ. ಮನೆಗೆ ಒಂದು ಸೇರು ರಾಗಿಯೋ ಅಕ್ಕಿಯೋ, ಮನಸ್ಸಿದ್ದರೆ ಎರಡು ತೆಂಗಿನಕಾಯಿ. ದುಡ್ಡು ಮುಟ್ಟುವುದಿಲ್ಲ. ಒಂದು ಬೀದಿಗೆ ಹೋದರೆ ನಲವತ್ತು ಐವತ್ತು ಕೆಜಿ ಆಗುತ್ತದೆ, ಎರಡು ತಿಂಗಳ ಮುದ್ದೆಗೆ ಸಾಕು. ದುಡ್ಡು ಕೇಳಿದರೆ ಹೆದರುವ ಜನ, ಪೊಲೀಸರ ವಿಷಯ ನಮಗೆ ಯಾಕೆ ಅನ್ನುವ ಜನ, ಸಾವಿನ ಮನೆಗೆ ಒಂದು ಸೇರು ರಾಗಿ ಇಲ್ಲ ಅನ್ನುವುದಿಲ್ಲ. ಕೊಟ್ಟ ಮೇಲೆ ಆ ಮನೆ ಅವರಿಗೂ ಸೇರಿದ್ದಾಗುತ್ತದೆ. ಐದನೇ ಮನೆಯ ಐವರು ಸಾಕ್ಷಿಗಳಲ್ಲಿ ಮೂವರು ಹೀಗೆ ರಾಗಿ ಕೊಟ್ಟ ಮನೆಯವರು. ನಾವು ಅವರನ್ನು ಕೇಳಿರಲಿಲ್ಲ, ಅವರಾಗಿ ಬಂದರು. ತಿಥಿಯೂ ಅಷ್ಟೇ. ಅನ್ನ, ಸಾರು, ಪಾಯಸ. ಐದಾರು ಸಾವಿರದೊಳಗೆ. ದೊಡ್ಡವರು ಗೊಣಗಿದರೆ ಎರಡನೇ ಮನೆಯ ಕತೆಯನ್ನು ಅತ್ತಿಗೆಯೇ ಹೇಳುತ್ತಾರೆ.

ಪ್ರತಿ ಮನೆಗೆ ಒಂದು ಇನ್ನೂರು ಪುಟದ ಲಾಂಗ್ ಬುಕ್. ಯಾರು ಬಂದರು, ಏನಂದರು, ಯಾವ ಕಾಗದಕ್ಕೆ ಸಹಿ, ಎಷ್ಟು ಖರ್ಚು. ಓದು ಬಾರದ ಮನೆಯಲ್ಲಿ ಬರೆಯುವುದು ಶಾಲೆಗೆ ಹೋಗುವ ಮಕ್ಕಳು. ದಿನಾಂಕ ನೆನಪಿಲ್ಲದಿದ್ದರೆ ಹಬ್ಬ ಕೇಳುವುದು. ನಾಲ್ಕನೇ ಮನೆಯ ತಾಯಿಗೆ, ಆಗಲೇ ಹೇಳಿದೆನಲ್ಲ ಆ ತಾಯಿಗೆ, ಜೈಲು ಗೇಟಿಗೆ ಫಿಟ್ಸ್ ಮಾತ್ರೆ ತೆಗೆದುಕೊಂಡು ಹೋದದ್ದು ಯಾವತ್ತು ಅಂದರೆ ಗೊತ್ತಿಲ್ಲ. ‘ಶಿವರಾತ್ರಿ ಆಗಿ ಮೂರನೇ ದಿನ’ ಗೊತ್ತು. ‘ಯುಗಾದಿಗೆ ನಾಕು ದಿನ ಇರುವಾಗ’ ಗೊತ್ತು. ಪಂಚಾಂಗ ನೋಡಿ ಬರೆದೆವು: 2022ರ ಮಾರ್ಚ್ 4 ಮತ್ತು ಮಾರ್ಚ್ 29. ಮುಲಾಖತ್ (ಕೈದಿ ಭೇಟಿ) ರಿಜಿಸ್ಟರಿನಲ್ಲಿ ಎರಡೂ ದಿನ ಆಕೆಯ ಹೆಬ್ಬೆಟ್ಟು ಇತ್ತು. ಮಗನಿಗೆ ಫಿಟ್ಸ್ ಇದ್ದದ್ದಕ್ಕೆ ತಾಲ್ಲೂಕು ಆಸ್ಪತ್ರೆಯ ಓಪಿಡಿ ಚೀಟಿಗಳು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲೇ ಇದ್ದವು, ಹನ್ನೊಂದು ಚೀಟಿ. ಜೈಲಿಗೆ ಸೇರುವಾಗ ಮಾಡುವ ಆರೋಗ್ಯ ತಪಾಸಣೆಯ ವರದಿಯನ್ನು ಆಯೋಗ ತರಿಸಿಕೊಳ್ಳುತ್ತದೆ. ನಮ್ಮ ಚೀಟಿಗಳನ್ನು ಅದರ ಪಕ್ಕದಲ್ಲಿಟ್ಟರೆ ಮಾತು ಮುಗಿಯಿತು.

ಈ ಸಲ ಆಯೋಗದ ನಂಬರನ್ನು ಮೊದಲ ತಿಂಗಳಲ್ಲೇ ಹಿಡಿದೆ. ಕೊನೆಗೆ ಜೆಸಿಡಿ, ಅಂದರೆ ನ್ಯಾಯಾಂಗ ಕಸ್ಟಡಿ ಸಾವು. ನಡುವೆ 10 ಇದ್ದರೆ ಕರ್ನಾಟಕ. ಬೇರೆ ಯಾರಿಗೂ ಬರೆಯದೆ ಅದೊಂದೇ ನಂಬರ್ ಹಾಕಿ ಮೂರು ಪುಟ ಬರೆದೆ. ಚೀಟಿಗಳ ಪ್ರತಿ, ದಿನಾಂಕದ ಪಟ್ಟಿ, ಅಷ್ಟೇ. ವಿಶೇಷಣ ಒಂದೂ ಇಲ್ಲ. ಹದಿನಾರೋ ಹದಿನೇಳೋ ತಿಂಗಳಾದ ಮೇಲೆ, ಮನೆಯವರಿಗೆ ಪರಿಹಾರ ಯಾಕೆ ಕೊಡಬಾರದು ಎಂದು ಸರ್ಕಾರಕ್ಕೆ ನೋಟಿಸು ಹೋಯಿತು. ಆಮೇಲೆ ಐದು ಲಕ್ಷದ ಶಿಫಾರಸು, ಪಾವತಿ ಮಾಡಿದ ದಾಖಲೆ ಕೊಡಿ ಎಂಬ ಪತ್ರ. ನಡುವೆ ಯಾವ ಯಾವ ಹೊತ್ತಿಗೆ ನೆನಪೋಲೆ ಹಾಕಿದೆ ಅನ್ನುವುದೂ ನನ್ನ ಹತ್ತಿರವೇ ಇರಲಿ.

ಆದರೆ ಮೂರು ವರ್ಷ ಆ ಮನೆ ಬದುಕಬೇಕಲ್ಲ. ಅದಕ್ಕೆ ಸಣ್ಣ ಸಣ್ಣ ದುಡ್ಡು. ಸತ್ತವನ ಪಾಸ್‌ಬುಕ್ಕನ್ನು ಸಾಲು ಸಾಲಾಗಿ ಓದಿ. ಮೇ ತಿಂಗಳ ಕೊನೆಯ ಆಸುಪಾಸಿನಲ್ಲಿ 436 ರೂಪಾಯಿ, ಹಳೆಯದಾದರೆ 330, ಕಡಿತವಾಗಿದೆಯಾ ನೋಡಿ. ಆಗಿದ್ದರೆ ಜೀವನ್ ಜ್ಯೋತಿ ವಿಮೆ ಇದೆ, ಎರಡು ಲಕ್ಷ. ಯಾವ ಕಾರಣಕ್ಕೆ ಸತ್ತರೂ ಕೊಡಬೇಕು. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬರಲಿ, ಸಾವಿನ ಕಾರಣದ ಅಂತಿಮ ಅಭಿಪ್ರಾಯ ಬರಲಿ ಅಂದರೆ ಒಪ್ಪಬೇಡಿ, ಮರಣ ಪ್ರಮಾಣಪತ್ರ ಸಾಕು. 20 ರೂಪಾಯಿ ಕಡಿತವಾಗಿದ್ದರೆ ಅದು ಅಪಘಾತದ್ದು, ಅದು ಮಾತ್ರ ಕಾರಣದಲ್ಲಿ ಸಿಕ್ಕಿಕೊಳ್ಳುತ್ತದೆ. ಐದನೇ ಮನೆಗೆ ಎರಡು ಲಕ್ಷ ಹೀಗೆ ಬಂತು. ಸತ್ತವನೇ ತನಗೆ ವಿಮೆ ಇದೆಯೆಂದು ಮನೆಯಲ್ಲಿ ಹೇಳಿರಲಿಲ್ಲ. ನಾನು ಪಾಸ್‌ಬುಕ್ ಓದುತ್ತ ಕೂತಾಗ, ‘ಅದರಲ್ಲಿ ಏನಿದೆ, ನೂರಿಪ್ಪತ್ತು ರೂಪಾಯಿ’ ಎಂದಿದ್ದರು ಎಲ್ಲರೂ.

ಮರಣ ಪ್ರಮಾಣಪತ್ರಕ್ಕೆ ಊರ ಪಂಚಾಯ್ತಿಗೆ ಅಲೆಯಬೇಡಿ. ಸಾವು ನಡೆದ ಜಾಗದಲ್ಲಿ ನೋಂದಣಿ, 21 ದಿನದೊಳಗೆ. ಜೈಲಾದರೆ ಜೈಲಿನವರು, ಆಸ್ಪತ್ರೆಯಾದರೆ ಆಸ್ಪತ್ರೆಯವರು ವರದಿ ಮಾಡಬೇಕು. ದಾರಿಯಲ್ಲಿ ಸತ್ತ, ತರುವಾಗಲೇ ಸತ್ತಿದ್ದ ಅಂದರೆ ಇಬ್ಬರೂ ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಒಂದು ಮನೆ ಹೀಗೆ ಏಳು ತಿಂಗಳು ಅಲೆಯಿತು. ಪ್ರಮಾಣಪತ್ರ ಇಲ್ಲದೆ ವಿಧವಾ ವೇತನ ಇಲ್ಲ, ವಿಮೆ ಇಲ್ಲ, ರೇಷನ್ ಕಾರ್ಡಿನ ತಿದ್ದುಪಡಿ ಇಲ್ಲ. ವಿಧವಾ ವೇತನ ತಿಂಗಳಿಗೆ 800, ಅದರಿಂದ ಏನೂ ಆಗುವುದಿಲ್ಲ. ಮಕ್ಕಳಿಗೆ ವಾತ್ಸಲ್ಯ ಮಿಷನ್ನಿನಲ್ಲಿ ತಲಾ 4000 ಪ್ರಾಯೋಜಕತ್ವ ಇದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಬೇಕು. ಅದು ದೊಡ್ಡದು. ನಾಲ್ಕನೇ ಮನೆಯ ಎರಡು ಮಕ್ಕಳಿಗೆ ಅದು ಬರಲು ಹತ್ತು ತಿಂಗಳು ಹಿಡಿಯಿತು, ಆದರೆ ಬಂದ ಮೇಲೆ ಸೊಸೆ ಗಾರ್ಮೆಂಟ್ಸ್ ಬಿಟ್ಟು ಊರಿಗೆ ವಾಪಸ್ ಬಂದಳು.

ದಲಿತರ ಮನೆಯಾದರೆ ದೌರ್ಜನ್ಯ ತಡೆ ಕಾಯ್ದೆಯ ಪರಿಹಾರ 8.25 ಲಕ್ಷ, ಅರ್ಧ ಪಿ.ಎಂ. ಆದ ಮೇಲೆ, ಅರ್ಧ ಚಾರ್ಜ್‌ಶೀಟ್ ಆದ ಮೇಲೆ, ಜೊತೆಗೆ ತಿಂಗಳ ಪಿಂಚಣಿ ಎಂದು ನಿಯಮದಲ್ಲಿದೆ. ಇದನ್ನು ನೆಚ್ಚಿ ಒಂದು ಮನೆಗೆ ಆಸೆ ಹುಟ್ಟಿಸಿದೆ. ಅಲ್ಲಿ ಇದ್ದದ್ದು ಯುಡಿಆರ್ ಮಾತ್ರ. ಆ ಕಾಯ್ದೆಯ ಕಲಂ ಹಾಕಿದ ಎಫ್‌ಐಆರ್ ಇಲ್ಲದೆ ಒಂದು ರೂಪಾಯಿಯೂ ಹೊರಡುವುದಿಲ್ಲ. ಹದಿನಾಲ್ಕು ತಿಂಗಳು ಓಡಾಡಿ ಕೈಚೆಲ್ಲಿದೆವು. ಎಫ್‌ಐಆರ್ ಆಗುವ ತನಕ ಆ ಮೊತ್ತವನ್ನು ಮನೆಯವರ ಮುಂದೆ ಬಾಯಿ ಬಿಟ್ಟು ಹೇಳಬಾರದು.

ನಮ್ಮ ಖರ್ಚು ಒಂದು ಮನೆಗೆ ಮೊದಲ ವರ್ಷ ಹದಿನೈದು ಹದಿನಾರು ಸಾವಿರ, ಆಮೇಲೆ ವರ್ಷಕ್ಕೆ ನಾಲ್ಕೈದು. ಹನ್ನೊಂದು ಜನ ತಿಂಗಳಿಗೆ ಇನ್ನೂರರಂತೆ ಹಾಕುತ್ತೇವೆ. ಅದರಲ್ಲಿ ಒಬ್ಬರು ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಹೆಸರು ಹೇಳಬೇಡ ಅಂದಿದ್ದಾರೆ. ವಕೀಲರಿಗೆ ದುಡ್ಡು ಕೊಡುವುದಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ, ಹಾಗಾಗಿ ಅರ್ಜಿ ಯಾವಾಗಲೂ ತಾಯಿಯದೋ ಹೆಂಡತಿಯದೋ. ಒಮ್ಮೆ ಖಾಸಗಿ ವಕೀಲರನ್ನು ಇಟ್ಟು ಹೆಂಡತಿಯ ಓಲೆ ಮಾರಿಸಿದ್ದು ನನ್ನ ಮನಸ್ಸಿನಲ್ಲಿ ಇನ್ನೂ ಮುಳ್ಳಾಗಿದೆ.

ಜೈಲಿನ ಸಾವಾದರೆ ಪಿಪಿಸಿ ಕೇಳಿ, ಕೈದಿಯ ಹೆಸರಲ್ಲಿ ಜಮಾ ಇದ್ದ ದುಡ್ಡು. ಬಟ್ಟೆಬರೆ ಕೇಳಿ. ಇದರಿಂದ ಮನೆ ನಡೆಯುವುದಿಲ್ಲ, ಆದರೂ ಕೇಳಿ. ನಾಲ್ಕನೇ ಮನೆಗೆ 612 ರೂಪಾಯಿ, ಒಂದು ಕಂಬಳಿ, ಒಂದು ಚೆಕ್ಸ್ ಅಂಗಿ ಬಂತು. ತಾಯಿ ಅಂಗಿಯ ಜೇಬಿಗೆ ಕೈ ಹಾಕಿ ನೋಡಿದರು. ಮಡಚಿದ ಪೇಪರಿನ ಪೊಟ್ಟಣದಲ್ಲಿ ವಿಭೂತಿ ಇತ್ತು. ಗೇಟಿನಲ್ಲಿ ಆಕೆಯೇ ಕೊಟ್ಟಿದ್ದು. 612 ರೂಪಾಯಿ ಇವತ್ತಿಗೂ ಅರಿಶಿನದ ಡಬ್ಬಿಯಲ್ಲಿದೆ.

ಪರಿಹಾರ ಬಂದಾಗ ಅತ್ತೆ ಸೊಸೆ ಜಗಳ ಬರುತ್ತದೆ, ಬಂದೇ ಬರುತ್ತದೆ. ಸೊಸೆ ಇನ್ನೊಂದು ಮದುವೆಯಾದರೆ ಎಂಬ ಭಯ ಅತ್ತೆಗೆ, ದುಡ್ಡೆಲ್ಲ ಮೈದುನನ ಪಾಲಾದರೆ ಎಂಬ ಭಯ ಸೊಸೆಗೆ. ನಾವು ನಲವತ್ತನೇ ದಿನದ ಹೊತ್ತಿಗೇ, ಒಂದು ರೂಪಾಯಿಯ ಸುಳಿವೂ ಇಲ್ಲದಾಗ, ಬಂದರೆ ಸಮಪಾಲು ಎಂದು ಕಾಗದ ಬರೆಸುತ್ತೇವೆ. ಸಾವಿನ ಮನೆಯಲ್ಲಿ ಪಾಲಿನ ಮಾತೇ ಎಂದು ನನ್ನನ್ನು ಬೈಯದವರಿಲ್ಲ. ಆದರೆ ಆಗ ಇಬ್ಬರೂ ಒಂದೇ ದುಃಖದಲ್ಲಿರುತ್ತಾರೆ, ಧಾರಾಳವಾಗಿರುತ್ತಾರೆ. ಮೂರು ವರ್ಷ ಆದ ಮೇಲೆ ಕೇಳಿ ನೋಡಿ. ನಾಡಕಚೇರಿಯ ವಂಶವೃಕ್ಷವನ್ನೂ ಅದೇ ತಿಂಗಳು ಮಾಡಿಸಿಡಬೇಕು.

ಅಕ್ಕಪಕ್ಕದ ಪ್ರಯೋಗಗಳು ಇನ್ನೂ ಇವೆ. ಮಾಹಿತಿ ಹಕ್ಕಿನಲ್ಲಿ ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಒಂದು ದೊಡ್ಡ ಅರ್ಜಿ ತಿರಸ್ಕಾರವಾದ ಮೇಲೆ ಎಂಟು ಪುಟ್ಟ ಅರ್ಜಿ ಮಾಡಿ ಹಾಕಿದೆ, ಐದಕ್ಕೆ ಉತ್ತರ ಬಂತು. 2017ರಲ್ಲಿ ಸುಪ್ರೀಂ ಕೋರ್ಟ್, 2012ರಿಂದ 2015ರವರೆಗೆ ಜೈಲುಗಳಲ್ಲಿ ಅಸಹಜವಾಗಿ ಸತ್ತವರ ವಾರಸುದಾರರನ್ನು ಹುಡುಕಿ ಪರಿಹಾರ ಕೊಡಿಸುವಂತೆ ಹೈಕೋರ್ಟುಗಳಿಗೆ ಹೇಳಿದಾಗ ನಾನೂ ಒಬ್ಬ ಹೆಂಡತಿಯನ್ನು ಹುಡುಕಿಕೊಂಡು ನಾಲ್ಕು ಊರು ಸುತ್ತಿದೆ. ಸಿಕ್ಕರು. ಬೇರೆ ಮನೆಯಾಗಿತ್ತು, ಮಗು ಎತ್ತಿಕೊಂಡಿದ್ದರು. ಆ ಹೆಸರನ್ನು ಇಲ್ಲಿ ತರಬೇಡಿ ಎಂದು ಕೈ ಮುಗಿದರು. ಬಂದುಬಿಟ್ಟೆ. ಹಾಗೆ ಬಂದದ್ದು ಸರಿ ಎಂದೇ ಈಗಲೂ ಅನ್ನಿಸುತ್ತದೆ.

ನಿದ್ದೆ ಬಾರದ ತಾಯಂದಿರಿಗೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿಮನಸ್ 14416ಕ್ಕೆ ಫೋನ್ ಮಾಡಿಸಿ ನೋಡಿದೆ. ಹುಡುಗಿಯರು ಚೆನ್ನಾಗಿ ಮಾತಾಡಿದರು, ಆದರೆ ನಮ್ಮ ತಾಯಂದಿರಿಗೆ ಮುಖ ಕಾಣದೆ ಮಾತು ಬರುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಕಾರ್ಯಕ್ರಮದ ಮಾನಸಿಕ ರೋಗಗಳ ಡಾಕ್ಟರು ಬರುವ ದಿನ ಕರೆದುಕೊಂಡು ಹೋದದ್ದು ಹೆಚ್ಚು ಫಲ ಕೊಟ್ಟಿತು. ‘ಮಾತ್ರೆ ತಗೊಂಡ್ರೆ ಅವನು ಮರೆತು ಹೋಗ್ತಾನಾ?’ ಎಂದು ಒಬ್ಬರು ಕೇಳಿದರು. ಇಲ್ಲಮ್ಮ, ನಿದ್ದೆ ಮಾತ್ರ ಬರುತ್ತೆ ಅಂದರು ಡಾಕ್ಟರು. ಆಮೇಲೆ ತಗೊಂಡರು.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅಮಾವಾಸ್ಯೆ. ಅವತ್ತು ಹೊಲದ ಕೆಲಸ ಕಮ್ಮಿ. ಎಲ್ಲ ಮನೆಯವರೂ ಒಂದು ಮನೆಯಲ್ಲಿ ಸೇರುತ್ತಾರೆ, ಸೋತ ಮೂರು ಮನೆಯವರೂ ಬರುತ್ತಾರೆ. ಮೊದಲ ಮನೆಯ ಅಪ್ಪ ಒಂದು ಸಲವೂ ತಪ್ಪಿಸಿಲ್ಲ. ಮೊದಮೊದಲು ನಾನು ಕಾನೂನು ಹೇಳುತ್ತಿದ್ದೆ, ಬಂಧನದ ವೇಳೆ ಪೊಲೀಸರು ಪಾಲಿಸಬೇಕಾದ ಡಿ.ಕೆ. ಬಸು ತೀರ್ಪಿನ ಹನ್ನೊಂದು ಅಂಶ ಅಂತ. ಯಾರೂ ಕೇಳಲಿಲ್ಲ. ಒಮ್ಮೆ ಒಡಿಶಾದ ನೀಲಾಬತಿ ಬೆಹೆರಾ ಅವರ ಕತೆ ಹೇಳಿದೆ. 1987ರ ಡಿಸೆಂಬರಿನಲ್ಲಿ ಠಾಣೆಗೆ ಒಯ್ದ ಮಗನ ಹೆಣ ರೈಲು ಹಳಿಯ ಮೇಲೆ ಸಿಕ್ಕಿತು, ಮರುವರ್ಷ ತಾಯಿ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು, ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿ ಅಂತ ತೆಗೆದುಕೊಂಡಿತು, 1993ರಲ್ಲಿ ಒಂದೂವರೆ ಲಕ್ಷ ಕೊಡಿಸಿತು. ಮನೆ ತುಂಬ ಸದ್ದಿಲ್ಲ. ಆಮೇಲೆ ಮೊದಲ ಮನೆಯ ಅಪ್ಪ, ‘ಆಯಮ್ಮ ಒಂದೇ ಕಾಗದ ಬರೆದಳಾ?’ ಅಂದರು. ಒಂದೇ ಅಂದೆ. ನನ್ನ ಇಪ್ಪತ್ತೆರಡು ಅವರಿಗೆ ನೆನಪಿತ್ತು. ಅವರು ಮತ್ತೇನೂ ಅನ್ನದೆ, ತಾವು ತಂದಿದ್ದ ಕೊಬ್ಬರಿ ಬೆಲ್ಲ ನನ್ನ ಕೈಗೂ ಹಾಕಿದರು.

ಹೋದ ಅಮಾವಾಸ್ಯೆ ನಾಲ್ಕನೇ ಮನೆಯಲ್ಲಿ ಸೇರಿದ್ದೆವು. ಆರನೇ ಮನೆಯ ಹೆಂಡತಿ ಇನ್ನೂ ಯಾರ ಹತ್ತಿರವೂ ಮಾತಾಡಿಲ್ಲ, ಮೂಲೆಯಲ್ಲಿ ಕೂತಿದ್ದಳು. ನಾಲ್ಕನೇ ಮನೆಯ ತಾಯಿ ಎದ್ದು ಹೋಗಿ ಅವಳ ಪಕ್ಕ ಕೂತು, ಬ್ಲೌಸಿನ ಒಳಗಿಂದ ಆ ಆದೇಶದ ಜೆರಾಕ್ಸ್ ತೆಗೆದರು. ಆಕೆಗೆ ಓದಲು ಬರುವುದಿಲ್ಲ. ಎಲ್ಲಿದೆ ಅನ್ನುವುದು ಗೊತ್ತು, ಎರಡನೇ ಪುಟ, ಕೆಳಗಿಂದ ಮೂರನೇ ಪ್ಯಾರಾ. ಅದರ ಮೇಲೆ ಬೆರಳಿಟ್ಟು, ನಾನು ಹೊಂಗೆ ಮರದ ಕೆಳಗೆ ಹೇಳಿದ್ದ ಮಾತನ್ನು ಒಂದಕ್ಷರ ಬಿಡದೆ ಅವಳಿಗೆ ಹೇಳಿದರು. ಮುಂದಿನ ತಿಂಗಳಿಂದ ಆರನೇ ಮನೆಗೆ ಅವರೇ ಜೋಡಿ.